ಅವಮೌದರ್ಯ ತಪಸ್ಸು ಮತ್ತು ಉದರದ ಮೇದಸ್ಸು

ಜೈನಾಗಮದಲ್ಲಿ ತಪಸ್ಸು ಬಾಹ್ಯವೆಂದೂ ಆಭ್ಯಂತರವೆಂದೂ ಎರಡು ವಿಧವಾಗಿ ನಿರೂಪಿತವಾಗಿದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯ ತಪಸ್ಸುಗಳನ್ನು ಆರಾಗಿ ಎಣಿಸಿದ್ದಾರೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬುವೇ ಆ ಆರು. ಇವುಗಳಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು ಎಂಬುದು ಗಮನಾರ್ಹವಾಗಿದೆ. ಅನಶನವನ್ನು, ಅಂದರೆ ಉಪವಾಸವನ್ನು, ಶ್ರಾವಕರ ಮನೆಯ ಚಿಕ್ಕ ಮಕ್ಕಳೂ ಬಲ್ಲರು. ಅಷ್ಟಮಿ, ಚತುರ್ದಶಿಗಳೂ ಅಷ್ಟಾಹ್ನಿಕ, ದಶಲಕ್ಷಣ ಪರ್ವಗಳೂ ಅನಂತನ ನೋಂಪಿಯೂ ಮನೆಮನೆಯಲ್ಲಿ ಆಚರಣೆಯಲ್ಲಿವೆ. ಆದರೆ ಎರಡನೆಯದಾದ ಅವಮೌದರ್ಯವನ್ನು ವ್ರತವೆಂದು ಎಣಿಸಿ ನಿತ್ಯವೂ ಪಾಲಿಸುವವರು ವಿರಳ. ಅದಕ್ಕೆ ತಿಥಿಯಿಲ್ಲ, ಉದ್ಯಾಪನೆಯಿಲ್ಲ, ನೋಡಿ ಹೊಗಳುವವರೂ ಇಲ್ಲ. ಹೀಗೆ ಮರೆತುಹೋದ ಈ ತಪಸ್ಸಿಗೂ ಈ ಕಾಲದಲ್ಲಿ ಮನೆಮನೆಗೆ ಬಂದಿರುವ ಒಂದು ದೇಹದೋಷಕ್ಕೂ ಇರುವ ಸಂಬಂಧವನ್ನು ವಿಚಾರಿಸುವುದು ಈ ಪಾಠದ ಉದ್ದೇಶ. ಆ ದೋಷವೆಂದರೆ ಉದರದಲ್ಲಿ ಶೇಖರವಾಗುವ ಮೇದಸ್ಸು, ಎಂದರೆ ಹೊಟ್ಟೆಯ ಕೊಬ್ಬು.

ಅವಮೌದರ್ಯದ ಸ್ವರೂಪ

ಅವಮ ಎಂದರೆ ಕಡಿಮೆಯಾದುದು, ಉದರ ಎಂದರೆ ಹೊಟ್ಟೆ. ಹೊಟ್ಟೆಯನ್ನು ಪೂರ್ತಿಯಾಗಿ ತುಂಬಿಸದೆ ಉಣ್ಣುವುದೇ ಅವಮೌದರ್ಯ. ಇದಕ್ಕೆ ಊನೋದರವೆಂಬ ಹೆಸರೂ ಉಂಟು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಪುರುಷನ ಪೂರ್ಣ ಆಹಾರವು 32 ತುತ್ತುಗಳೆಂದೂ ಸ್ತ್ರೀಯ ಪೂರ್ಣ ಆಹಾರವು 28 ತುತ್ತುಗಳೆಂದೂ ಪ್ರಮಾಣ ಹೇಳಲ್ಪಟ್ಟಿದೆ. ಅದರಲ್ಲಿ ಒಂದು ತುತ್ತನ್ನು ಬಿಟ್ಟರೂ ಅವಮೌದರ್ಯವಾಗುತ್ತದೆ. ಶಕ್ತಿ ಇದ್ದಂತೆ ಎರಡು, ನಾಲ್ಕು, ಎಂಟು ಎಂದು ಇಳಿಸುತ್ತ ಹೋಗಬಹುದು. ವಟ್ಟಕೇರ ಆಚಾರ್ಯರ ಮೂಲಾಚಾರದಲ್ಲಿ ಇನ್ನೊಂದು ಅಳತೆ ಇದೆ. ಉದರವನ್ನು ನಾಲ್ಕು ಭಾಗವೆಂದು ಭಾವಿಸಿ, ಎರಡು ಭಾಗವನ್ನು ಅನ್ನ-ವ್ಯಂಜನಗಳಿಂದಲೂ ಮೂರನೆಯ ಭಾಗವನ್ನು ನೀರಿನಿಂದಲೂ ತುಂಬಿಸಿ, ನಾಲ್ಕನೆಯದನ್ನು ವಾಯುವಿನ ಸಂಚಾರಕ್ಕಾಗಿ ಬರಿದಾಗಿ ಬಿಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಇದು ಮುನಿಗಳಿಗೆ ಹೇಳಿದ ಮಾತಾದರೂ ಶ್ರಾವಕರಿಗೂ ದಾರಿದೀಪವಾಗಿದೆ.

ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅವಮೌದರ್ಯದ ಪ್ರಯೋಜನವನ್ನು ವಿವರಿಸುತ್ತ ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯಾದಿಗಳ ಸುಗಮತೆ ಇವುಗಳನ್ನು ಹೆಸರಿಸಿದ್ದಾರೆ. ಇಲ್ಲಿ ದೋಷಶಮನವೆಂಬ ಮಾತನ್ನು ವಿಶೇಷವಾಗಿ ಗಮನಿಸಬೇಕು. ವಾತಪಿತ್ತಾದಿ ದೇಹದೋಷಗಳ ವಿಚಾರವು ಜೈನಾಚಾರ್ಯರಿಗೆ ಹೊರಗಿನದಾಗಿರಲಿಲ್ಲ. ಪೂರ್ವಗಳಲ್ಲಿ ಪ್ರಾಣಾವಾಯವೆಂಬುದು ವೈದ್ಯವಿಷಯಕವಾದುದು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಆ ಪರಂಪರೆಯಲ್ಲಿ ರಚಿತವಾದ ವೈದ್ಯಗ್ರಂಥವೇ ಆಗಿದೆ. ಆದುದರಿಂದ ಇಂದಿನ ವೈದ್ಯರು ಉದರದ ಮೇದಸ್ಸಿನ ವಿಷಯವಾಗಿ ಏನು ಹೇಳುತ್ತಾರೆಂಬುದನ್ನು ಶ್ರಾವಕನು ತಿಳಿದುಕೊಳ್ಳುವುದು ಅನುಚಿತವಲ್ಲ.

ಉದರದ ಮೇದಸ್ಸು ಎಂದರೇನು?

ದೇಹದ ಕೊಬ್ಬೆಲ್ಲವೂ ಒಂದೇ ಬಗೆಯದಲ್ಲ. ಚರ್ಮದ ಕೆಳಗೆ ಇರುವ ಕೊಬ್ಬು ಬೇರೆ. ಅದು ಕೈಗೆ ಮೆತ್ತಗೆ ಹಿಡಿಯಲು ಸಿಗುತ್ತದೆ. ಹೊಟ್ಟೆಯ ಸ್ನಾಯುಗಳ ಒಳಗೆ, ಕರುಳು, ಯಕೃತ್ತು ಮೊದಲಾದ ಅಂಗಗಳ ಸುತ್ತ ಕಟ್ಟಿಕೊಳ್ಳುವ ಕೊಬ್ಬು ಬೇರೆ. ಅದು ಕೈಗೆ ಸಿಗುವುದಿಲ್ಲ, ಹೊಟ್ಟೆಯನ್ನು ಒಳಗಿನಿಂದ ಮುಂದಕ್ಕೆ ನೂಕುತ್ತದೆ. ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಜೀನ್ ವಾಗ್ ಎಂಬವರು 1947ರಲ್ಲಿಯೇ ಕೊಬ್ಬು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯವೆಂದು ಬರೆದರು. ಸೊಂಟ, ತೊಡೆಗಳಲ್ಲಿ ಕೊಬ್ಬುಳ್ಳವರಿಗಿಂತ ದೇಹದ ಮೇಲುಭಾಗದಲ್ಲಿ ಕೊಬ್ಬುಳ್ಳವರಿಗೆ ಸಿಹಿಮೂತ್ರ ಮೊದಲಾದ ರೋಗಗಳು ಹೆಚ್ಚಾಗಿ ಬರುವುದನ್ನು ಅವರು ಗುರುತಿಸಿದ್ದರು. ಅನಂತರದ ಸಂಶೋಧನೆಗಳು ಇದನ್ನು ದೃಢಪಡಿಸಿವೆ.

ಒಳಗಿನ ಈ ಕೊಬ್ಬು ಸುಮ್ಮನೆ ಬಿದ್ದಿರುವ ಸಂಗ್ರಹವಲ್ಲ. ಅದರಿಂದ ಮೇದಾಮ್ಲಗಳೂ ಉರಿಯೂತವನ್ನುಂಟುಮಾಡುವ ದ್ರವ್ಯಗಳೂ ರಕ್ತಕ್ಕೆ ಸೇರುತ್ತವೆ. ಕರುಳಿನ ಸುತ್ತಲಿನ ರಕ್ತವು ಒಂದು ದೊಡ್ಡ ಸಿರೆಯ ಮೂಲಕ ನೇರವಾಗಿ ಯಕೃತ್ತಿಗೆ ಹೋಗುವುದರಿಂದ ಅಲ್ಲಿಯೂ ಕೊಬ್ಬು ಸೇರತೊಡಗುತ್ತದೆ. ಇನ್ಸುಲಿನ್ ಎಂಬ ರಸವು ತನ್ನ ಕೆಲಸವನ್ನು ಸರಿಯಾಗಿ ನಡೆಸಲಾರದಾಗುತ್ತದೆ. ಸಕ್ಕರೆಯ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಯಕೃತ್ತಿನ ರೋಗ ಇವೆಲ್ಲಕ್ಕೂ ಹೀಗೆ ದಾರಿಯಾಗುತ್ತದೆ. ಪುರುಷರಲ್ಲಿ ಇಂಥ ಕೊಬ್ಬು ಬೇಗನೆ ಸೇರುತ್ತದೆ; ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲೆ ಹೆಚ್ಚುತ್ತದೆ.

ಭಾರತೀಯರ ದೇಹದಲ್ಲಿ ಈ ದೋಷಕ್ಕೆ ಒಂದು ವಿಶೇಷವಿದೆ. ತೆಳ್ಳಗೆ ಕಾಣುವವನಲ್ಲಿಯೂ ಕೊಬ್ಬು ಅಡಗಿರುತ್ತದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ಎಂಬಿಬ್ಬರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ದೇಹಗಳನ್ನೇ ಉದಾಹರಣೆಯಾಗಿ ಕೊಟ್ಟರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವು ಇಬ್ಬರಲ್ಲಿಯೂ 22.3 ಆಗಿತ್ತು. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ ನೂರಕ್ಕೆ 21.2 ಇತ್ತು. ಆದುದರಿಂದ ತೂಕದ ಯಂತ್ರವನ್ನು ಮಾತ್ರ ನಂಬಿ ನಿಶ್ಚಿಂತರಾಗುವುದು ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ 20 ವರ್ಷ ದಾಟಿದವರಲ್ಲಿ ನೂರಕ್ಕೆ 39.5 ಜನರಿಗೆ ಹೊಟ್ಟೆಯ ಬೊಜ್ಜು ಇತ್ತು; ನೂರಕ್ಕೆ 11.4 ಜನರಿಗೆ ಸಕ್ಕರೆಯ ಕಾಯಿಲೆ ಇತ್ತು.

ಅಳೆಯುವ ಕ್ರಮ

ಇದನ್ನು ತಿಳಿಯಲು ಸಿಂಪಿಗನ ಟೇಪು ಸಾಕು. ನೇರವಾಗಿ ನಿಂತು, ಪಕ್ಕೆಲುಬಿನ ಕೊನೆಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ ಸುತ್ತಳತೆಯನ್ನು ನೋಡಬೇಕು. ಭಾರತೀಯ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಗೊಳ್ಳಬೇಕು. ಟೇಪು ಇಲ್ಲದಿದ್ದರೆ ತನ್ನ ಎತ್ತರದಷ್ಟು ದಾರವನ್ನು ಕತ್ತರಿಸಿ, ಎರಡಾಗಿ ಮಡಚಿ ಹೊಟ್ಟೆಗೆ ಸುತ್ತಬೇಕು. ದಾರದ ತುದಿಗಳು ಕೂಡಿದರೆ ಸುತ್ತಳತೆಯು ಎತ್ತರದ ಅರ್ಧಕ್ಕಿಂತ ಹೆಚ್ಚಿಲ್ಲವೆಂದು ಅರ್ಥ. ಕೂಡದಿದ್ದರೆ ಊಟದ ತಟ್ಟೆಯ ಕಡೆಗೆ ದೃಷ್ಟಿ ಹರಿಸುವ ಕಾಲ ಬಂದಿದೆಯೆಂದು ತಿಳಿಯಬೇಕು.

ಕೃಷ್ಣಾತೀರದ ಒಂದು ಮನೆ

ಜಮಖಂಡಿ ಸೀಮೆಯು ಜಿನಧರ್ಮಕ್ಕೆ ಹಳೆಯ ನೆಲೆ. ತೇರದಾಳದ ನೇಮಿನಾಥ ಬಸದಿಯು 12ನೆಯ ಶತಮಾನದ್ದು. ಆ ಸೀಮೆಯ ತುಬಚಿಯಂಥ ಊರಿನ ಒಕ್ಕಲುತನದ ಮನೆಯೊಂದನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಅಜ್ಜನ ಕಾಲದಲ್ಲಿ ಆ ಮನೆಯವರು ಎತ್ತು ಹೂಡಿ ಕಪಿಲೆಯಿಂದ ನೀರೆತ್ತುತ್ತಿದ್ದರು, ಹೊಲಕ್ಕೆ ನಡೆದು ಹೋಗುತ್ತಿದ್ದರು. ಹೆಂಗಸರು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂಡುತ್ತಿದ್ದರು, ಕೊಡ ಹೊತ್ತು ನೀರು ತರುತ್ತಿದ್ದರು. ಊಟಕ್ಕೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಅಗಸಿ ಹಿಂಡಿ, ಮಜ್ಜಿಗೆ. ಹೋಳಿಗೆ ಹಬ್ಬಕ್ಕೆ ಮಾತ್ರ.

ಕಾಲಕ್ರಮದಲ್ಲಿ ನೀರಾವರಿ ಬಂದಿತು. ತುಬಚಿಯ ಹೆಸರನ್ನೇ ಹೊತ್ತ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯು ಕೃಷ್ಣೆಯ ನೀರನ್ನು ವಿಜಯಪುರ ಜಿಲ್ಲೆಯ ಒಣಭೂಮಿಗೂ ಒಯ್ದಿದೆ. ಜೋಳದ ಹೊಲಗಳು ಕಬ್ಬಿನ ಹೊಲಗಳಾದವು. ನೀರೆತ್ತಲು ಮೋಟಾರು, ಉಳಲು ಟ್ರ್ಯಾಕ್ಟರು, ಕಬ್ಬು ಕಡಿಯಲು ಗ್ಯಾಂಗು, ಹಿಟ್ಟಿಗೆ ಗಿರಣಿ, ಹೊಲಕ್ಕೆ ಹೋಗಲು ಮೋಟಾರ್ ಸೈಕಲ್ಲು. ಇದು ಶ್ರಮದಿಂದ ಬಂದ ಸೌಕರ್ಯ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ದೇಹದ ಕೆಲಸ ಅರ್ಧಕ್ಕೆ ಇಳಿದಾಗ ಊಟವು ಅಜ್ಜನ ಪ್ರಮಾಣದಲ್ಲಿಯೇ ಉಳಿಯಿತು. ಅದರ ಮೇಲೆ ದಿನಕ್ಕೆ ಐದು ಸಲ ಸಕ್ಕರೆಯ ಚಹಾ, ಸಂಜೆಗೆ ಭಜಿ, ತಿಂಗಳಿಗೆ ನಾಲ್ಕು ಮದುವೆ-ಮುಂಜಿಗಳ ಊಟ ಸೇರಿತು.

ಆ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲ. ಸೋಸಿದ ನೀರು, ಸೂರ್ಯಾಸ್ತದೊಳಗೆ ಊಟ. ಎಲ್ಲವೂ ಶಾಸ್ತ್ರೋಕ್ತ. ಆದರೂ ಯಜಮಾನನ ಹೊಟ್ಟೆ ಮುಂದೆ ಬಂದಿದೆ, ರಕ್ತದಲ್ಲಿ ಸಕ್ಕರೆ ಏರಿದೆ. “ಇಷ್ಟು ನೇಮ ಇಟ್ಟುಕೊಂಡವರಿಗೂ ಹೀಗೇಕೆ?” ಎಂದು ಮನೆಯವರು ಕೇಳುತ್ತಾರೆ. ಉತ್ತರ ಸರಳವಾಗಿದೆ. ಆಹಾರವು ಶುದ್ಧವಾಗಿರುವುದು ಒಂದು, ಮಿತವಾಗಿರುವುದು ಇನ್ನೊಂದು. ಕಂದಮೂಲವಿಲ್ಲದ ಅಡಿಗೆಯಲ್ಲಿಯೂ ಎಣ್ಣೆ, ತುಪ್ಪ, ಬೆಲ್ಲಗಳು ಇರುತ್ತವೆ. ಒಂದು ಗ್ರಾಂ ತುಪ್ಪ ಅಥವಾ ಎಣ್ಣೆಯಿಂದ 9 ಕ್ಯಾಲೊರಿ, ಒಂದು ಗ್ರಾಂ ಸಕ್ಕರೆಯಿಂದ 4 ಕ್ಯಾಲೊರಿ ದೇಹಕ್ಕೆ ಸೇರುತ್ತದೆ. ಅದನ್ನು ಶುದ್ಧ ಅಡಿಗೆಮನೆಯಲ್ಲಿ ಬೇಯಿಸಿದರೂ ಈ ಲೆಕ್ಕ ಬದಲಾಗದು.

ಉಪವಾಸವಿದ್ದೂ ಹೊಟ್ಟೆ ಇಳಿಯದಿರಲು ಕಾರಣ

ಅಷ್ಟಮಿ-ಚತುರ್ದಶಿಗಳಲ್ಲಿ ತಪ್ಪದೆ ಉಪವಾಸವಿರುವವರಲ್ಲಿಯೂ ಹೊಟ್ಟೆ ಇಳಿಯದಿರುವುದುಂಟು. ಇದಕ್ಕೆ ಉಪವಾಸದ ಹಿಂದುಮುಂದಿನ ದಿನಗಳನ್ನು ನೋಡಬೇಕು. ಅನೇಕ ಮನೆಗಳಲ್ಲಿ ನಾಳೆ ಉಪವಾಸವೆಂದು ಇಂದು ಹೆಚ್ಚಾಗಿ ಉಣ್ಣುತ್ತಾರೆ. ಪಾರಣೆಯ ದಿನ ಹುಗ್ಗಿ, ಹೋಳಿಗೆ, ತುಪ್ಪಗಳ ಸಮಾರಾಧನೆಯೇ ಆಗುತ್ತದೆ. ದಶಲಕ್ಷಣದ ಹತ್ತು ದಿನ ಏಕಭುಕ್ತವಿದ್ದವರೂ ಆ ಒಂದು ಊಟದಲ್ಲಿ ಎರಡು ಊಟದಷ್ಟು ಉಂಡರೆ ದೇಹದ ಲೆಕ್ಕದಲ್ಲಿ ಏನೂ ಉಳಿಯದು.

ಶಾಸ್ತ್ರವು ಇದಕ್ಕೆ ಎಡೆ ಕೊಟ್ಟಿಲ್ಲ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸವೆಂದರೆ ನಾಲ್ಕು ವಿಧದ ಆಹಾರದ ತ್ಯಾಗವೆಂದೂ ಪ್ರೋಷಧವೆಂದರೆ ಒಂದೇ ಸಲ ಉಣ್ಣುವುದೆಂದೂ ಲಕ್ಷಣ ಹೇಳಿದ್ದಾರೆ. ಉತ್ತಮವಾದ ಪ್ರೋಷಧೋಪವಾಸವು 16 ಪ್ರಹರಗಳದ್ದು, ಅಂದರೆ 48 ಗಂಟೆಗಳದ್ದು. ಹಿಂದಿನ ದಿನ ಏಕಭುಕ್ತ, ನಡುವೆ ಉಪವಾಸ, ಮರುದಿನ ಮತ್ತೆ ಏಕಭುಕ್ತ. ಹಾಗಾದರೆ ಧಾರಣೆಯೂ ಪಾರಣೆಯೂ ವ್ರತದ ಹೊರಗಿನವಲ್ಲ, ವ್ರತದ ಅಂಗಗಳೇ ಆಗಿವೆ. ಪಾರಣೆಯಲ್ಲಿ ಮಿತಿಮೀರಿ ಉಂಡವನು ವ್ರತ ಮುಗಿದ ಮೇಲೆ ಉಂಡನೆಂದು ಹೇಳಲು ಬರುವುದಿಲ್ಲ. ವ್ರತದ ಒಳಗೆಯೇ ಅನಾದರವನ್ನು ತೋರಿದಂತಾಯಿತು. ಅನಾದರವು ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಒಂದು.

ದಿನದಲ್ಲಿ ಉಣ್ಣುವ ಹೊತ್ತನ್ನು ಮಾತ್ರ ಕಟ್ಟಿದರೆ ಸಾಲದು, ಪ್ರಮಾಣವನ್ನೂ ಕಟ್ಟಬೇಕು ಎಂಬುದಕ್ಕೆ ಈಚಿನ ಪ್ರಯೋಗವೊಂದು ಸಾಕ್ಷಿಯಾಗಿದೆ. ಚೀನಾದೇಶದ ಗ್ವಾಂಗ್‌ಝೌ ನಗರದಲ್ಲಿ 139 ಜನ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಲಾಯಿತು. ಫಲಿತಾಂಶವು 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಆಹಾರದ ಮಿತಿ ಒಂದೇ. ಒಂದು ಗುಂಪು ಮಾತ್ರ ಬೆಳಗಿನ 8ರಿಂದ ಸಂಜೆ 4ರೊಳಗೆ ಉಣ್ಣಬೇಕಾಗಿತ್ತು. ವರ್ಷದ ಕೊನೆಗೆ ಎರಡೂ ಗುಂಪಿನವರ ತೂಕ ಇಳಿದಿತ್ತು. ಅವರ ನಡುವೆ ಗಣನೀಯವಾದ ಅಂತರ ಕಾಣಲಿಲ್ಲ. ಫಲವು ಮುಖ್ಯವಾಗಿ ಮಿತಿಯಿಂದ ಬಂದಿತ್ತು. ಹಾಗೆಂದು ರಾತ್ರಿಭೋಜನತ್ಯಾಗವು ದೇಹಕ್ಕೆ ನಿಷ್ಪ್ರಯೋಜಕವೆಂದು ತಿಳಿಯಬಾರದು. ಅದೇ ವರ್ಷ ಅಮೆರಿಕೆಯ ಬಾಸ್ಟನ್ನಿನಲ್ಲಿ 16 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಅದೇ ಆಹಾರವನ್ನು ತಡಮಾಡಿ ಉಂಡಾಗ ಹಸಿವು ಹೆಚ್ಚುವುದೂ ದೇಹವು ವ್ಯಯಿಸುವ ಶಕ್ತಿ ಕಡಿಮೆಯಾಗುವುದೂ ಕಂಡುಬಂದಿತು. ರಾತ್ರಿಭೋಜನತ್ಯಾಗದ ಮೂಲ ಅಹಿಂಸೆಯಲ್ಲಿದೆ. ದೇಹಹಿತವು ಅದರ ಜೊತೆಗೆ ಬರುವುದು. ಆದರೆ ಸೂರ್ಯಾಸ್ತದೊಳಗೆ ಮುಗಿಸಬೇಕೆಂಬ ಅವಸರದಲ್ಲಿ ಎರಡು ರೊಟ್ಟಿಯ ಬದಲು ನಾಲ್ಕು ರೊಟ್ಟಿ ಉಂಡರೆ ಆ ಹಿತವು ಕೈತಪ್ಪುತ್ತದೆ.

ಒಂದು ರೊಟ್ಟಿಯ ಲೆಕ್ಕ

ಸುಮಾರು 60 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಹತ್ತಿರ ಹತ್ತಿರ 200 ಕ್ಯಾಲೊರಿ ಇರುತ್ತದೆ. ಒಂದು ಕಪ್ಪು ಚಹಾಕ್ಕೆ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ ಹಾಕಿದರೆ, ಐದು ಕಪ್ಪಿಗೆ 50 ಗ್ರಾಂ ಆಯಿತು. ಅದೂ 200 ಕ್ಯಾಲೊರಿಯೇ. ರೊಟ್ಟಿಯು ಹೊಟ್ಟೆಗೆ ಆಧಾರವಾಗುತ್ತದೆ, ಅದರಲ್ಲಿ ನಾರೂ ಸಾರವೂ ಇದೆ. ಚಹಾದ ಸಕ್ಕರೆ ತಿಂದದ್ದೆಂದು ಯಾರಿಗೂ ನೆನಪಿರುವುದಿಲ್ಲ. ಆದುದರಿಂದ ಬಿಡುವುದನ್ನು ಸಕ್ಕರೆಯಿಂದ ಆರಂಭಿಸುವುದು ವಿವೇಕ.

ಇಲ್ಲಿಯೇ ನಾಲ್ಕನೆಯ ತಪಸ್ಸಾದ ರಸಪರಿತ್ಯಾಗವು ನೆರವಿಗೆ ಬರುತ್ತದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ಈ ತಪಸ್ಸು. ವಾರದ ಒಂದೊಂದು ದಿನ ಒಂದೊಂದು ರಸವನ್ನು ಬಿಡುವ ರೂಢಿ ಹಿರಿಯರಲ್ಲಿದೆ. ಸಿಹಿಯನ್ನೂ ಎಣ್ಣೆಯನ್ನೂ ಬಿಡುವ ದಿನಗಳು ಉದರದ ಮೇದಸ್ಸಿನ ದೃಷ್ಟಿಯಿಂದಲೂ ಹಿತಕರ. ಉಪ್ಪನ್ನು ಕಡಿಮೆ ಮಾಡುವುದು ರಕ್ತದೊತ್ತಡಕ್ಕೆ ಹಿತಕರ. ಆದರೆ ಸಿಹಿ ಬಿಟ್ಟ ದಿನ ಕರಿದ ತಿಂಡಿಯಿಂದ ಅದನ್ನು ತುಂಬಿಕೊಂಡರೆ ತ್ಯಾಗದ ಅರ್ಥ ಉಳಿಯದು.

ಪ್ರಮಾಣ ಇಳಿಸುವಾಗ ಯಾವುದನ್ನು ಇಳಿಸಬಾರದೆಂಬುದನ್ನೂ ತಿಳಿದಿರಬೇಕು. ಕಾಳು-ಬೇಳೆಗಳನ್ನು ಬಿಟ್ಟರೆ ಸ್ನಾಯುಗಳು ಕ್ಷೀಣಿಸುತ್ತವೆ. ಕೊಬ್ಬು ಹಾಗೆಯೇ ಉಳಿದು ಬಲ ಮಾತ್ರ ಕುಂದುತ್ತದೆ. ಹೆಸರು, ತೊಗರಿ, ಕಡಲೆಗಳು ತಟ್ಟೆಯಲ್ಲಿ ಇರಲಿ. ಮಜ್ಜಿಗೆಯೂ ಇರಲಿ, ಆದರೆ ದ್ವಿದಳದ ನಿಯಮಕ್ಕೆ ಭಂಗ ಬಾರದಂತೆ ಬೇರೆ ಹೊತ್ತಿನಲ್ಲಿ ಇರಲಿ. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರು ಹೀರೇಕಾಯಿ, ಸೋರೇಕಾಯಿ, ಸವತೆಕಾಯಿಗಳನ್ನು ಹೆಚ್ಚಾಗಿ ಬಳಸಬಹುದು.

ಬಡಿಸುವವರ ಪಾಲು

ಅವಮೌದರ್ಯವು ಉಣ್ಣುವವನೊಬ್ಬನ ವ್ರತವೆಂದು ತೋರಿದರೂ ಬಡಿಸುವವರ ಸಹಾಯವಿಲ್ಲದೆ ಸಾಗುವುದು ಕಷ್ಟ. ಉತ್ತರ ಕರ್ನಾಟಕದ ಮನೆಗಳಲ್ಲಿ ಒತ್ತಾಯ ಮಾಡಿ ಬಡಿಸುವುದು ಪ್ರೀತಿಯ ಲಕ್ಷಣ. ಪಾರಣೆಯ ದಿನ ಸೊಸೆ, “ಇನ್ನೊಂದ ಹೋಳಿಗಿ ಹಾಕತೇನ್ರಿ ಮಾವಾರ, ನಿನ್ನಿ ದಿನಾ ಪೂರಾ ಉಪಾಸ ಇದ್ರಿ” ಎನ್ನುತ್ತಾಳೆ. “ಸಾಕವ್ವಾ, ಇನ್ನ ಸ್ವಲ್ಪ ಹಸಿವು ಇರೂವಾಗನ ಏಳಬೇಕು” ಎಂದು ಮಾವ ಹೇಳಿದರೂ ಹೋಳಿಗೆ ತಟ್ಟೆಗೆ ಬಿದ್ದಿರುತ್ತದೆ. ಅನ್ನ ಚೆಲ್ಲಬಾರದೆಂದು ಅವನು ಉಣ್ಣುತ್ತಾನೆ. ಇಬ್ಬರ ಮನಸ್ಸೂ ಒಳ್ಳೆಯದೇ, ಆದರೆ ವ್ರತ ಕೆಟ್ಟಿತು.

ಕರ್ಮದ ಆಸ್ರವವು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಿಂದಲೂ ಆಗುತ್ತದೆಂದು ಶಾಸ್ತ್ರ ತಿಳಿಸುತ್ತದೆ. ವ್ರತಪಾಲನೆಗೂ ಇದೇ ನ್ಯಾಯ. ಬೇಡವೆಂದವನ ತಟ್ಟೆಗೆ ಹಾಕದಿರುವ ಗೃಹಿಣಿಯು ಅವನ ತಪಸ್ಸಿನಲ್ಲಿ ಸಹಭಾಗಿಯಾಗುತ್ತಾಳೆ. ಆದುದರಿಂದ ಅಡಿಗೆ ಮಾಡುವಾಗಲೇ ರೊಟ್ಟಿಗಳನ್ನು ಎಣಿಸುವುದು, ತುಪ್ಪದ ಗಿಂಡಿಯನ್ನು ಪಂಕ್ತಿಯ ನಡುವೆ ಇಡದಿರುವುದು, ಒಂದು ಸಲ ಬಡಿಸಿದ ಮೇಲೆ ಕೇಳಿದರೆ ಮಾತ್ರ ಮತ್ತೆ ಬಡಿಸುವುದು ಈ ವ್ರತಕ್ಕೆ ಮನೆಯ ವ್ಯವಸ್ಥೆಯಾಗಿದೆ. ಮನೆಯ ಹೆಂಗಸರು ಎಲ್ಲರೂ ಉಂಡ ಮೇಲೆ ಉಳಿದುದನ್ನು ಕೆಡಿಸಬಾರದೆಂದು ತಾವು ಹೆಚ್ಚಾಗಿ ಉಣ್ಣುವುದೂ ಉಂಟು. ಅಳತೆಯಿಂದ ಬೇಯಿಸಿದರೆ ಅವರಿಗೂ ಈ ಭಾರ ತಪ್ಪುತ್ತದೆ. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಎರಡು ಕೈಗಳನ್ನೇ ಪಾತ್ರೆಯಾಗಿಸಿಕೊಂಡು ಆಹಾರ ಸ್ವೀಕರಿಸುತ್ತಾರೆ. ಅಂಜಲಿ ಬಿಟ್ಟ ಮೇಲೆ ಒತ್ತಾಯಕ್ಕೆ ಅಲ್ಲಿ ಅವಕಾಶವೇ ಇಲ್ಲ. ಆಹಾರದಾನ ಮಾಡುವಾಗ ಇದನ್ನು ಕಂಡ ಗೃಹಸ್ಥರು ಮನೆಯ ಪಂಕ್ತಿಯಲ್ಲಿಯೂ ಇದನ್ನು ನೆನೆಯಬಹುದು.

ಶಕ್ತಿಯನ್ನು ಅರಿತು ತಪಸ್ಸು

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಶಕ್ತಿಗೆ ಅನುಸಾರವಾಗಿ ಎಂಬ ವಿಶೇಷಣವನ್ನು ಸೇರಿಸಲಾಗಿದೆ. ಇದು ಆಲಸ್ಯಕ್ಕೆ ಅನುಮತಿಯಲ್ಲ, ವಿವೇಕಕ್ಕೆ ಆಜ್ಞೆ. ಸಕ್ಕರೆಯ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ರಕ್ತದ ಸಕ್ಕರೆಯನ್ನು ಬಲವಾಗಿ ಇಳಿಸುವ ಗುಳಿಗೆಗಳನ್ನು ತೆಗೆದುಕೊಳ್ಳುವವರು ನಿರಾಹಾರವಿದ್ದರೆ ಸಕ್ಕರೆಯು ಅಪಾಯಕರವಾಗಿ ಕೆಳಗಿಳಿಯಬಹುದು. ಬೆವರು, ನಡುಕ, ಎದೆಬಡಿತ, ಮಾತಿನಲ್ಲಿ ತೊದಲು, ಬುದ್ಧಿಯ ಮಂಕು ಇವು ಅದರ ಲಕ್ಷಣಗಳು. ಇಂಥ ಸಮಯದಲ್ಲಿ ತಡಮಾಡದೆ ಸಿಹಿಯನ್ನು ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮೂತ್ರಪಿಂಡದ ರೋಗವುಳ್ಳವರು, ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಅಶಕ್ತ ವೃದ್ಧರು ನೀರನ್ನೂ ಬಿಡುವ ಉಪವಾಸವನ್ನು ಕೈಕೊಳ್ಳಬಾರದು.

ಹಲವು ಹಿರಿಯರು ಪರ್ವಕಾಲದಲ್ಲಿ ಮನೆಯವರಿಗೂ ತಿಳಿಸದೆ ಗುಳಿಗೆಯನ್ನು ನಿಲ್ಲಿಸುತ್ತಾರೆ, ಅಥವಾ ಗುಳಿಗೆ ನುಂಗಿ ಊಟ ಬಿಡುತ್ತಾರೆ. ಇವೆರಡೂ ಅಪಾಯಕರ. ಪರ್ವಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು. ನಿಯಮ ಸ್ವೀಕರಿಸುವಾಗಲೇ ಔಷಧ ಮತ್ತು ನೀರಿನ ವಿನಾಯಿತಿಯನ್ನು ಗುರುಗಳ ಮುಂದೆ ನಿವೇದಿಸಿಕೊಂಡರೆ ವ್ರತಭಂಗದ ಭಯವಿರುವುದಿಲ್ಲ. ಉಪವಾಸ ಸಾಧ್ಯವಾಗದವರು ತಮಗೆ ತಪಸ್ಸು ಇಲ್ಲವಾಯಿತೆಂದು ದುಃಖಿಸಬೇಕಾಗಿಲ್ಲ. ಅವಮೌದರ್ಯವೂ ರಸಪರಿತ್ಯಾಗವೂ ಉಪವಾಸದಷ್ಟೇ ತಪಸ್ಸುಗಳು, ಒಂದೇ ಸೂತ್ರದಲ್ಲಿ ಹೇಳಲ್ಪಟ್ಟವು.

ವ್ರತವೋ ನಿದಾನವೋ?

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಹೊಟ್ಟೆ ಇಳಿಯಲೆಂದು ವ್ರತ ಹಿಡಿದರೆ ಅದು ವ್ರತವೇ? ಮಾಯಾ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಶಾಸ್ತ್ರದ ನಿರ್ಣಯ. ನಿದಾನವೆಂದರೆ ಭೋಗದ ಫಲವನ್ನು ಬಯಸಿ ವ್ರತ ಮಾಡುವುದು. ರೂಪ ಬರಲಿ, ಜನ ಮೆಚ್ಚಲಿ ಎಂಬ ಬಯಕೆಯಿಂದ ಮಾಡಿದ ಊನೋದರವು ಶಲ್ಯಸಹಿತವಾದುದರಿಂದ ತಪಸ್ಸೆನಿಸಲಾರದು.

ಇದಕ್ಕೆ ಸಮಾಧಾನ ಹೀಗಿದೆ. ದೇಹಹಿತಕ್ಕಾಗಿ ಮಾಡುವ ಮಿತಾಹಾರವು ಪಥ್ಯ. ಪಥ್ಯದಲ್ಲಿ ದೋಷವಿಲ್ಲ, ಅದನ್ನು ಪಥ್ಯವೆಂದೇ ಕರೆಯಬೇಕು. ಅದಕ್ಕೆ ವ್ರತದ ಹೆಸರಿಟ್ಟು ಗೌರವ ಪಡೆಯಲು ಹೋದರೆ ಮಾಯಾಶಲ್ಯವೂ ಸೇರುತ್ತದೆ. ನಾಲಿಗೆಯ ಗೃದ್ಧಿಯನ್ನು ಗೆಲ್ಲಲು, ಸ್ವಾಧ್ಯಾಯದಲ್ಲಿ ತೂಕಡಿಕೆ ಬಾರದಿರಲು, ಕರ್ಮನಿರ್ಜರೆಗಾಗಿ ಮಾಡುವ ಮಿತಾಹಾರವು ಅವಮೌದರ್ಯ ತಪಸ್ಸು. ಬೆಳೆಗಾಗಿ ಬಿತ್ತಿದವನಿಗೆ ಕಣಿಕೆ ತಾನಾಗಿಯೇ ದೊರೆಯುವಂತೆ, ಇದರಲ್ಲಿ ದೇಹಹಿತವು ತಾನಾಗಿ ಬರುತ್ತದೆ. ಪಥ್ಯವು ಹೊಟ್ಟೆ ಇಳಿದ ದಿನ ನಿಂತುಹೋಗುತ್ತದೆ, ಕೆಲವೇ ತಿಂಗಳಲ್ಲಿ ಹೊಟ್ಟೆ ಮರಳಿ ಬರುತ್ತದೆ. ವ್ರತಕ್ಕೆ ಅಂಥ ಕೊನೆಯ ದಿನವಿಲ್ಲ. ಇಳಿದ ತೂಕವನ್ನು ಉಳಿಸಿಕೊಳ್ಳುವುದೇ ಇಳಿಸುವುದಕ್ಕಿಂತ ಕಷ್ಟವೆಂಬುದು ವೈದ್ಯರ ಅನುಭವ. ನಿತ್ಯದ ನಿಯಮದ ಬೆಲೆ ಅಲ್ಲಿ ತಿಳಿಯುತ್ತದೆ.

ಅಭ್ಯಾಸಕ್ರಮ

ಮೊದಲನೆಯ ತಿಂಗಳು ಚಹಾದ ಸಕ್ಕರೆಯನ್ನು ಅರ್ಧಕ್ಕೆ ಇಳಿಸುವುದು, ಹೊತ್ತಲ್ಲದ ಹೊತ್ತಿನ ತಿಂಡಿಯನ್ನು ಬಿಡುವುದು. ಎರಡನೆಯ ತಿಂಗಳು ಪ್ರತಿ ಊಟದಲ್ಲಿ ಎಂಟನೆಯ ಒಂದು ಭಾಗವನ್ನು, ಎಂದರೆ 32 ತುತ್ತಿನಲ್ಲಿ 4 ತುತ್ತನ್ನು ಬಿಡುವುದು. ಮೂರನೆಯ ತಿಂಗಳು ಧಾರಣೆ-ಪಾರಣೆಗಳ ಊಟವನ್ನು ನಿತ್ಯದ ಊಟದಷ್ಟೇ ಇಡುವುದು. ನಿಧಾನವಾಗಿ, ಮಾತಿಲ್ಲದೆ, ಮೊಬೈಲು-ಟೀವಿಗಳನ್ನು ನೋಡದೆ ಉಣ್ಣುವುದು ಎಲ್ಲ ತಿಂಗಳಿಗೂ ಸಲ್ಲುವ ನಿಯಮ.

ದೇಹಶ್ರಮವೂ ಬೇಕು. ವಾರಕ್ಕೆ 150 ನಿಮಿಷದಷ್ಟಾದರೂ ಚುರುಕಾದ ನಡಿಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಬಸದಿಗೆ, ಹೊಲಕ್ಕೆ ಹಗಲಿನಲ್ಲಿ, ನೆಲವನ್ನು ನೋಡಿಕೊಂಡು ನಡೆದುಹೋದರೆ ದೇಹಕ್ಕೂ ಜೀವದಯೆಗೂ ಹಿತ. ಹೊಟ್ಟೆಯ ವ್ಯಾಯಾಮವನ್ನು ಮಾತ್ರ ಮಾಡಿದರೆ ಅಥವಾ ಪಟ್ಟಿ ಕಟ್ಟಿಕೊಂಡರೆ ಹೊಟ್ಟೆಯ ಕೊಬ್ಬು ಮಾತ್ರ ಕರಗುವುದೆಂಬ ನಂಬಿಕೆ ನಿರಾಧಾರ. ಕೊಬ್ಬು ಇಡೀ ದೇಹದಿಂದ ಇಳಿಯುತ್ತದೆ. ಸಂತೋಷದ ಸಂಗತಿಯೆಂದರೆ, ದೇಹದ ತೂಕ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಒಳಗಿನ ಅಪಾಯಕರ ಕೊಬ್ಬು ಗಣನೀಯವಾಗಿ ಕಡಿಮೆಯಾಗಿ, ಸಕ್ಕರೆ, ರಕ್ತದೊತ್ತಡಗಳು ಹತೋಟಿಗೆ ಬರತೊಡಗುತ್ತವೆ.

ಉಪಸಂಹಾರ

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಒಕ್ಕಲು ಮನೆತನದಲ್ಲಿ ಬೆಳೆದು ಮುನಿದೀಕ್ಷೆ ವಹಿಸಿದ ಆಚಾರ್ಯ ಶಾಂತಿಸಾಗರ ಮಹಾರಾಜರು ತಮ್ಮ ದೀರ್ಘ ಉಪವಾಸಗಳಿಗಾಗಿ ವಿಖ್ಯಾತರು. ಅವರು 1955ರ ಸೆಪ್ಟೆಂಬರಿನಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನೆಯಿಂದ ದೇಹತ್ಯಾಗ ಮಾಡಿದರು. ಸಲ್ಲೇಖನೆಯೆಂದರೆ ಕಾಯವನ್ನೂ ಕಷಾಯವನ್ನೂ ಕೃಶಗೊಳಿಸುವುದು. ಆಹಾರವನ್ನು ಕ್ರಮಕ್ರಮವಾಗಿ ಇಳಿಸುವ ಆ ಮಹಾವ್ರತದ ಮೊದಲ ಅಕ್ಷರಾಭ್ಯಾಸವು ಗೃಹಸ್ಥನ ತಟ್ಟೆಯಲ್ಲಿಯೇ ಆಗಬೇಕಾಗಿದೆ. ಇನ್ನೊಂದು ರೊಟ್ಟಿಗೆ ಹೊಟ್ಟೆಯಲ್ಲಿ ಸ್ಥಳವಿರುವಾಗಲೇ ಕೈತೊಳೆದು ಏಳುವವನು ದಿನಕ್ಕೆ ಎರಡು ಸಲ ಲೋಭವನ್ನು ಗೆದ್ದಂತಾಯಿತು. ಕಾಯವು ಕೃಶವಾಗಿ ಕಷಾಯವು ಹಾಗೆಯೇ ಉಳಿದರೆ ಫಲ ಅಲ್ಪ. ಎರಡೂ ಕೂಡಿ ಕೃಶವಾಗಲೆಂದೇ ಆಚಾರ್ಯರು ಅವಮೌದರ್ಯವನ್ನು ತಪಸ್ಸುಗಳ ಸಾಲಿನಲ್ಲಿ ಇರಿಸಿದ್ದಾರೆ. ಶ್ರಾವಕ-ಶ್ರಾವಿಕೆಯರು ಇದನ್ನು ಮನನ ಮಾಡಿ, ಬರುವ ಅಷ್ಟಮಿಯ ಪಾರಣೆಯಿಂದಲೇ ಆರಂಭಿಸುವುದು ಶ್ರೇಯಸ್ಕರ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಬಾಹ್ಯ ತಪಸ್ಸುಗಳು ಎಷ್ಟು? ಅವುಗಳಲ್ಲಿ ಆಹಾರಕ್ಕೆ ಸಂಬಂಧಿಸಿದವು ಯಾವುವು?
2. ಮೂಲಾಚಾರವು ಉದರದ ನಾಲ್ಕು ಭಾಗಗಳನ್ನು ಹೇಗೆ ಹಂಚಿದೆ?
3. ಚರ್ಮದ ಕೆಳಗಿನ ಕೊಬ್ಬಿಗೂ ಅಂಗಗಳ ಸುತ್ತಲಿನ ಕೊಬ್ಬಿಗೂ ಭೇದವೇನು?
4. ಪಾರಣೆಯು ವ್ರತದ ಅಂಗವೆಂಬುದನ್ನು ಪ್ರೋಷಧೋಪವಾಸದ ಲಕ್ಷಣದಿಂದ ಸಾಧಿಸಿರಿ.
5. ಸಕ್ಕರೆಯ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಪರ್ವಕ್ಕೆ ಮುಂಚೆ ಏನು ಮಾಡಬೇಕು?
6. ಪಥ್ಯಕ್ಕೂ ವ್ರತಕ್ಕೂ ಇರುವ ಅಂತರವನ್ನು ನಿದಾನಶಲ್ಯದ ಆಧಾರದಿಂದ ವಿವರಿಸಿರಿ.